ರಥಬೀದಿಯ ತಿರುವಿನಿಂದ ಗುಲಗಂಜಿಯ ತೂಕದವರೆಗೆ

ನಂಜನಗೂಡಿನ ದೊಡ್ಡಜಾತ್ರೆಗೆ ಬಂದವರೆಲ್ಲ ತಲೆಯೆತ್ತಿ ತೇರಿನ ಕಳಶ ನೋಡುತ್ತಾರೆ. ತಲೆ ತಗ್ಗಿಸಿ ಗಾಲಿ ನೋಡುವವರು ಕಡಿಮೆ. ನೋಡಿದವರಿಗೆ ಒಂದು ಸೋಜಿಗ ಕಾಣುತ್ತದೆ.

ಫಾಲ್ಗುಣ ಮಾಸದ ಈ ಪಂಚ ಮಹಾರಥೋತ್ಸವದಲ್ಲಿ ಐದು ತೇರುಗಳು ಶ್ರೀಕಂಠೇಶ್ವರನ ಗುಡಿಯ ಸುತ್ತ ರಥಬೀದಿಯಲ್ಲಿ ಸಾಗುತ್ತವೆ. ಗಣಪತಿ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರರಿಗೆ ಒಂದೊಂದು ತೇರು. ಸ್ವಾಮಿಯದು ಎಲ್ಲಕ್ಕಿಂತ ದೊಡ್ಡದಾದ ಗೌತಮ ರಥ. ನೇರ ಬೀದಿಯಲ್ಲಿ ಕೆಲಸ ಸುಲಭ. ಸಾವಿರಾರು ಕೈಗಳು ಹಗ್ಗ ಹಿಡಿದರೆ ತೇರು ಹೊರಟಿತು. ಕಷ್ಟವಿರುವುದು ಮೂಲೆಯಲ್ಲಿ. ತೇರಿಗೆ ಸ್ಟೇರಿಂಗ್ ಇಲ್ಲ, ಅಚ್ಚು ಆಚೆ ಈಚೆ ಹೊರಳುವುದಿಲ್ಲ. ಆಗ ಬೆಣೆ ಹಿಡಿದ ಅನುಭವಸ್ಥರು ಮುಂದೆ ಬರುತ್ತಾರೆ. ಗಾಲಿಯ ಎದುರಿಗೆ ಮರದ ಬೆಣೆಯನ್ನು ಓರೆಯಾಗಿ ಕೊಡುತ್ತಾರೆ. ಗಾಲಿ ಬೆಣೆಗೆ ಒತ್ತಿಕೊಂಡು ಕಿರುಗುಟ್ಟುತ್ತ ಅಷ್ಟಷ್ಟೇ ಪಕ್ಕಕ್ಕೆ ಜರುಗುತ್ತದೆ. ಹೀಗೆ ಗೇಣು ಗೇಣಾಗಿ ಜರುಗಿ ಇಡೀ ತೇರು ಮೂಲೆ ತಿರುಗುತ್ತದೆ. ಜನ ಹಣ್ಣು, ಜವನ ಎಸೆದು ಜಯಕಾರ ಹಾಕುತ್ತಾರೆ.

ಗಾಲಿ ತಾನು ಮುಖ ಮಾಡಿದ ದಿಕ್ಕಿಗೆ ಹೋಗದೆ ಪಕ್ಕಕ್ಕೆ ಜಾರುವ ಈ ಚಲನೆಗೆ ಇಂದಿನ ಹುಡುಗರ ಬಾಯಲ್ಲಿ ಬೇರೊಂದು ಹೆಸರಿದೆ: ಡ್ರಿಫ್ಟ್. ತೇರಿನವರು ಇದನ್ನು ಆಮೆಯ ವೇಗದಲ್ಲಿ, ಬೆಣೆ ಕೊಟ್ಟು ಮಾಡುತ್ತಾರೆ. ಡ್ರಿಫ್ಟ್ ಕಾರಿನವರು ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ, ಹೊಗೆ ಎಬ್ಬಿಸಿ ಮಾಡುತ್ತಾರೆ.

ಜಾತ್ರೆ ಮುಗಿದ ಕೆಲವು ವಾರಗಳ ಮೇಲೆ ಒಂದು ಸೋಮವಾರ, ಮೈಸೂರಿನ ಕುಟುಂಬವೊಂದು ಹಳೆಯ ಮಾರುತಿ 800 ಕಾರಿನಲ್ಲಿ ನಂಜನಗೂಡಿಗೆ ಬಂದಿತ್ತು. ತಂದೆ ಸರ್ಕಾರಿ ಗುಮಾಸ್ತರು. ಮಗ ಮೆಕ್ಯಾನಿಕಲ್ ಡಿಪ್ಲೊಮಾ ಓದುವವನು. ಮೊಬೈಲಿನಲ್ಲಿ ಡ್ರಿಫ್ಟ್ ಕಾರುಗಳ ಚಿತ್ರ ನೋಡಿ ನೋಡಿ ಮನೆಯ ಕಾರಿಗೂ ಅಗಲದ ಅಲಾಯ್ ಚಕ್ರ ಹಾಕಿಸಬೇಕೆಂದು ಹಟ ಹಿಡಿದಿದ್ದ. ತಂದೆಗೆ ಆ ಮಾತೇ ಆಗದು. ದಾರಿಯುದ್ದಕ್ಕೂ ಜಗಳ. 'ನಿಮ್ಮಿಬ್ಬರ ಕಾಯಿಲೆಗೆ ನಂಜುಂಡನೇ ಮದ್ದು ಕೊಡಬೇಕು' ಎಂದರು ತಾಯಿ. ಟಿಪ್ಪುವಿನ ಪಟ್ಟದಾನೆಯ ಕಣ್ಣು ವಾಸಿಯಾದದ್ದರಿಂದ ಈ ದೇವರಿಗೆ ಹಕೀಂ ನಂಜುಂಡ ಎಂಬ ಹೆಸರು ಬಂತೆಂಬ ಪ್ರತೀತಿಯುಂಟಲ್ಲ!

ನಿಜ ಹೇಳಬೇಕೆಂದರೆ ಜಗಳದ ಮೂಲ ಚಕ್ರವಲ್ಲ, ಭಾಷೆ. ಮಗನ ಬಾಯಲ್ಲಿ ಬರುವ ಓವರ್‌ಸ್ಟಿಯರ್, ಆಫ್‌ಸೆಟ್, ಕ್ಯಾಂಬರ್ ಎಂಬ ಮಾತುಗಳು ತಂದೆಗೆ ತಿಳಿಯವು. ತಂದೆಯ ಭಯ ಮಗನಿಗೆ ತಿಳಿಯದು. ಇಂಥ ಮನೆಗಳು ಇಂದು ಊರೂರಿನಲ್ಲಿ ಇವೆ. ನಂಜನಗೂಡಿನಿಂದ ತಿರುಮಕೂಡಲು ನರಸೀಪುರದವರೆಗಿನ ದಾರಿ ಈ ಮಾತುಗಳನ್ನು ಕಲಿಯಲು ಒಳ್ಳೆಯ ಪಾಠಶಾಲೆ.

ಉರುಳುವುದು, ಜಾರುವುದು

ನಂಜನಗೂಡಿನಲ್ಲಿ ಉರುಳುಸೇವೆ ಪ್ರಸಿದ್ಧ. ಕಪಿಲೆಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲಿ ಗುಡಿಯ ಸುತ್ತ ಉರುಳುವ ಭಕ್ತರನ್ನು ಗಮನಿಸಿ. ಮೈಯ ಯಾವ ಭಾಗ ನೆಲ ಮುಟ್ಟಿದೆಯೋ ಆ ಭಾಗ ಆ ಕ್ಷಣಕ್ಕೆ ಕದಲುವುದಿಲ್ಲ. ನೆಲಕ್ಕೆ ಊರಿ ನಿಂತಿರುತ್ತದೆ. ಚಕ್ರವೂ ಹಾಗೆಯೇ. ಕಾರು ಎಷ್ಟೇ ವೇಗವಾಗಿ ಓಡಲಿ, ಟೈರಿನ ನೆಲ ಮುಟ್ಟಿದ ಭಾಗ ಆ ಕ್ಷಣಕ್ಕೆ ರಸ್ತೆಗೆ ಊರಿರುತ್ತದೆ. ಈ ಊರುವಿಕೆಗೇ ಗ್ರಿಪ್ ಎನ್ನುವುದು. ಊರಿದ ಭಾಗ ಜಾರತೊಡಗಿದರೆ ಹಿಡಿತ ಒಮ್ಮೆಗೇ ಕಡಿಮೆಯಾಗುತ್ತದೆ. ನಿಂತ ಪೆಟ್ಟಿಗೆಯನ್ನು ಕದಲಿಸಲು ಬೇಕಾಗುವ ಬಲಕ್ಕಿಂತ ಕದಲಿದ ಪೆಟ್ಟಿಗೆಯನ್ನು ಎಳೆಯಲು ಕಡಿಮೆ ಬಲ ಸಾಕು ಎಂದು ವಿಜ್ಞಾನದ ಪುಸ್ತಕದಲ್ಲಿ ಓದಿದ್ದು ಇದನ್ನೇ.

ಈ ಹಿಡಿತ ಎಷ್ಟು ಜಾಗದ್ದು? ಲೆಕ್ಕ ಹಾಕಬಹುದು. ಮಾರುತಿ 800ರ ತೂಕ ಸುಮಾರು 650 ಕಿಲೋಗ್ರಾಂ. ಮೂವರು ಕುಳಿತರೆ 850 ಎನ್ನೋಣ. ಒಂದೊಂದು ಚಕ್ರದ ಪಾಲಿಗೆ ಸರಾಸರಿ 212 ಕಿಲೋಗ್ರಾಂ. ಟೈರಿನ ಗಾಳಿಯ ಒತ್ತಡ 28 ಪಿ.ಎಸ್.ಐ. ಇದ್ದರೆ ಅದು ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋಗ್ರಾಂ ಭಾರ ಹೊರುತ್ತದೆ. ಎಂದರೆ ನೆಲ ಮುಟ್ಟುವ ಜಾಗ ಸುಮಾರು 106 ಚದರ ಸೆಂಟಿಮೀಟರ್, ಒಂದು ಅಂಗೈಯಷ್ಟು. ಇಡೀ ಸಂಸಾರ ನಾಲ್ಕು ಅಂಗೈಗಳ ಮೇಲೆ ಓಡುತ್ತದೆ.

ಈ ಅಂಗೈಯ ಹಿಡಿತ ತಿಂಗಳ ಸಂಬಳವಿದ್ದ ಹಾಗೆ. ವೇಗ ಹೆಚ್ಚಿಸುವುದಕ್ಕೆ, ಬ್ರೇಕಿಗೆ, ತಿರುವಿಗೆ ಎಲ್ಲಕ್ಕೂ ಅದರಿಂದಲೇ ಖರ್ಚು. ತಿರುವಿಗೆ ಪೂರ್ತಿ ಕೊಟ್ಟರೆ ಬ್ರೇಕಿಗೆ ಉಳಿಯುವುದಿಲ್ಲ. ತಿರುವಿನಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದ ವಾಹನ ದಾರಿ ಬಿಡುವುದು ಈ ಕಾರಣಕ್ಕೆ.

ಸಾಮಾನ್ಯ ತಿರುವಿನಲ್ಲೂ ಚಕ್ರ ಮುಖ ಮಾಡಿದ ದಿಕ್ಕಿಗೂ ಅದು ನಿಜವಾಗಿ ಸಾಗುವ ದಿಕ್ಕಿಗೂ ಕೆಲವು ಡಿಗ್ರಿಗಳ ವ್ಯತ್ಯಾಸ ಇರುತ್ತದೆ. ಇದು ಸ್ಲಿಪ್ ಆ್ಯಂಗಲ್, ಜಾರುಕೋನ. ಸಂಬಳ ಮುಗಿದಾಗ ಕೋನ ಹೆಚ್ಚಿ ಜಾರಿಕೆ ಶುರುವಾಗುತ್ತದೆ. ಮುಂದಿನ ಚಕ್ರಗಳು ಮೊದಲು ಜಾರಿದರೆ ಸ್ಟೇರಿಂಗ್ ತಿರುಗಿಸಿದರೂ ಕಾರು ಹಟಮಾರಿ ಎತ್ತಿನಂತೆ ನೇರ ಹೋಗುತ್ತದೆ, ಇದು ಅಂಡರ್‌ಸ್ಟಿಯರ್. ಹಿಂದಿನ ಚಕ್ರಗಳು ಮೊದಲು ಜಾರಿದರೆ ಕಾರಿನ ಬಾಲ ಹೊರಕ್ಕೆ ಬೀಸುತ್ತದೆ, ಇದು ಓವರ್‌ಸ್ಟಿಯರ್. ಬೇಕೆಂದೇ ಬಾಲ ಬೀಸಿಸಿ, ಅದು ಪೂರ್ತಿ ತಿರುಗಿಬಿಡದಂತೆ ಸ್ಟೇರಿಂಗನ್ನು ಬಾಲ ಹೋದ ಕಡೆಗೇ ತಿರುಗಿಸಿ ಹಿಡಿಯುವುದು ಕೌಂಟರ್‌ಸ್ಟಿಯರ್. ಈ ಸ್ಥಿತಿಯಲ್ಲೇ ತಿರುವನ್ನು ದಾಟಿಸುವುದು ಡ್ರಿಫ್ಟ್.

ಡ್ರಿಫ್ಟ್ ಕಾರಿನಲ್ಲಿ ಎಂಜಿನ್ನಿನ ಶಕ್ತಿ ಹಿಂದಿನ ಚಕ್ರಗಳಿಗೆ ಹೋಗಬೇಕು. ಕ್ಲಚ್ಚನ್ನು ತಟ್ಟನೆ ಒತ್ತಿ ಬಿಟ್ಟು ಆ ಚಕ್ರಗಳನ್ನು ಜಾರಿಸುವುದಕ್ಕೆ ಕ್ಲಚ್ ಕಿಕ್ ಎನ್ನುತ್ತಾರೆ. ಎರಡು ಹಿಂಚಕ್ರಗಳೂ ಕೂಡಿಯೇ ಎಳೆಯುವಂತೆ ಬಿಗಿ ಮಾಡಿದ ಡಿಫರೆನ್ಷಿಯಲ್ಲಿಗೆ ಲಿಮಿಟೆಡ್ ಸ್ಲಿಪ್ ಎಂಬ ಹೆಸರು. ನಮ್ಮ ಅಂಬಾಸಿಡರ್, ಕಾಂಟೆಸ್ಸಾ, ಮಾರುತಿ ಓಮ್ನಿ ಹಿಂಚಕ್ರದ ಎಳೆತದವು. ಮಾರುತಿ 800 ಮುಂಚಕ್ರದ್ದು. ಹ್ಯಾಂಡ್‌ಬ್ರೇಕ್ ಎಳೆದು ಅದರ ಬಾಲ ಬೀಸಿಸಬಹುದೇ ಹೊರತು ಎಂಜಿನ್ನಿನ ಬಲದಿಂದ ಡ್ರಿಫ್ಟ್ ಹಿಡಿದು ನಿಲ್ಲಿಸಲಾಗದು. ಅಗಲದ ಚಕ್ರ ಹಾಕಿದ ಮಾತ್ರಕ್ಕೆ ಈ ಸ್ವಭಾವ ಬದಲಾಗುವುದಿಲ್ಲ.

ಈ ವಿದ್ಯೆ ಬೆಳೆದದ್ದು ಜಪಾನಿನಲ್ಲಿ. 1970ರ ದಶಕದಲ್ಲಿ ರೇಸ್ ಚಾಲಕ ಕುನಿಮಿತ್ಸು ತಕಹಾಶಿ ತಿರುವುಗಳಲ್ಲಿ ಹೀಗೆ ಕಾರು ಜಾರಿಸುತ್ತಿದ್ದರು. ಅವರನ್ನು ನೋಡಿ ಕಲಿತ ಕೇಯಿಚಿ ತ್ಸುಚಿಯಾ ಬೆಟ್ಟದ ರಸ್ತೆಗಳಲ್ಲಿ ಅಭ್ಯಾಸ ಮಾಡಿ ಇದನ್ನು ಜನಪ್ರಿಯಗೊಳಿಸಿದರು. 1983ರಲ್ಲಿ ಬಂದ ಟೊಯೊಟಾದ ಎಇ86 ಎಂಬ ಹಗುರ ಕಾರು ಅವರ ಮೆಚ್ಚಿನ ಬಂಡಿ. 2000ದ ಹೊತ್ತಿಗೆ ಡಿ1 ಗ್ರ್ಯಾನ್ ಪ್ರಿ ಎಂಬ ಸ್ಪರ್ಧೆ ಶುರುವಾಗಿ ಆಟ ಮುಚ್ಚಿದ ಅಂಗಳಕ್ಕೆ ಬಂತು. ಅಲ್ಲಿ ಎದುರಿನಿಂದ ಬಸ್ಸು ಬರುವುದಿಲ್ಲ. ಚಾಲಕ ತಲೆಗೆ ಹೆಲ್ಮೆಟ್ ತೊಟ್ಟು, ಉಕ್ಕಿನ ಕೊಳವೆಗಳ ಪಂಜರದೊಳಗೆ ಪಟ್ಟಿ ಬಿಗಿದು ಕುಳಿತಿರುತ್ತಾನೆ. ಮೊಬೈಲಿನ ಚಿತ್ರದಲ್ಲಿ ಹೊಗೆ ಕಂಡಷ್ಟು ಈ ಪಂಜರ ಕಾಣುವುದಿಲ್ಲ.

ಗುಂಬ, ಅರೆಕಾಲು, ಪಟ್ಟಿ

ನಂಜನಗೂಡು ಬಿಟ್ಟು ಪೂರ್ವಕ್ಕೆ ಹೊರಟರೆ ಭತ್ತ, ಬಾಳೆ, ಕಬ್ಬಿನ ಬಯಲು. ಕಪಿಲೆ ಅಕ್ಕಪಕ್ಕದಲ್ಲೇ ಎಲ್ಲೋ ಹರಿಯುತ್ತಿರುತ್ತಾಳೆ. ಮಠದಿಂದಲೂ ಜಾತ್ರೆಯಿಂದಲೂ ಹೆಸರಾದ ಸುತ್ತೂರು ಈ ನದಿಯ ದಡದಲ್ಲೇ ಇದೆ. ಅಲ್ಲಿಯ ಜಾತ್ರೆಯಲ್ಲಿ ದನಗಳ ಪರಿಷೆ ಕೂಡುತ್ತದೆ. ದನ ಇದ್ದಲ್ಲಿ ಗಾಡಿ ಇದ್ದೇ ಇರುತ್ತದೆ.

ಟೈರ್ ಹೊಂದಿಸುವ ವಿದ್ಯೆ, ಎಂದರೆ ಇಂದಿನವರ ಫಿಟ್‌ಮೆಂಟ್, ಈ ಸೀಮೆಗೆ ಹೊಸದಲ್ಲ. ಮರದ ಗಾಡಿಯ ಚಕ್ರ ನೋಡಿ. ನಡುವೆ ಗುಂಬ, ಅದರಿಂದ ಹೊರಟ ಅರೆಕಾಲುಗಳು, ಸುತ್ತ ಮರದ ಬಳೆ, ಅದರ ಮೇಲೆ ಕಬ್ಬಿಣದ ಪಟ್ಟಿ. ಗುಂಬದೊಳಗೆ ಅಚ್ಚು, ಅಚ್ಚಿನ ತುದಿಗೆ ಕಡಾಣಿ. ಕಮ್ಮಾರರು ಪಟ್ಟಿಯನ್ನು ಬೇಕೆಂದೇ ಚಕ್ರಕ್ಕಿಂತ ಒಂದಿಷ್ಟು ಚಿಕ್ಕದಾಗಿ ಮಾಡಿ, ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸಿ, ಚಕ್ರಕ್ಕೆ ತೊಡಿಸಿ ನೀರು ಹೊಯ್ಯುತ್ತಿದ್ದರು. ಕಬ್ಬಿಣದ ಹಿಗ್ಗುವಿಕೆ ಡಿಗ್ರಿಗೆ ಹತ್ತು ಲಕ್ಷದಲ್ಲಿ ಹನ್ನೆರಡು ಪಾಲು. ಒಂದೂವರೆ ಮೀಟರ್ ವ್ಯಾಸದ ಪಟ್ಟಿ 500 ಡಿಗ್ರಿ ಹೆಚ್ಚು ಕಾದರೆ ವ್ಯಾಸ 9 ಮಿಲಿಮೀಟರ್ ಬೆಳೆಯುತ್ತದೆ. ಆರಿದಾಗ ಅಷ್ಟೂ ಕುಗ್ಗಿ ಗುಂಬ, ಅರೆಕಾಲು, ಬಳೆ ಎಲ್ಲವನ್ನೂ ಒಂದಾಗಿ ಅಪ್ಪುತ್ತದೆ. ಅಳತೆ ತಪ್ಪಿ ಪಟ್ಟಿ ದೊಡ್ಡದಾದರೆ ಕಳಚುತ್ತದೆ, ತೀರ ಚಿಕ್ಕದಾದರೆ ಅರೆಕಾಲು ಮುರಿಯುತ್ತದೆ.

ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದವರು ಡನ್ಲಪ್, 1888ರಲ್ಲಿ. ಮುಂದೆ ಮೈಸೂರಿನಲ್ಲೇ ವಿಕ್ರಾಂತ್ ಟೈರ್ ಕಾರ್ಖಾನೆ ತಲೆಯೆತ್ತಿತು. 1997ರಲ್ಲಿ ಅದು ಜೆ.ಕೆ. ಸಂಸ್ಥೆಯ ಕೈಸೇರಿತು. ಹಳ್ಳಿಗಳಿಗೆ ಟೈರ್ ಗಾಡಿ ಬಂತು, ಎತ್ತುಗಳ ಹೆಗಲು ಹಗುರವಾಯಿತು. ಅಳಗಂಚಿಯ ಸಕ್ಕರೆ ಕಾರ್ಖಾನೆಯ ಕಡೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಸಾಲುಗಟ್ಟಿ ಹೋಗುತ್ತವೆ.

ಅಲಾಯ್ ಚಕ್ರದ ಮಾತುಗಳನ್ನು ಈ ಗಾಡಿಯಿಂದಲೇ ಅರಿಯಬಹುದು. ಗುಂಬಕ್ಕೆ ಚಕ್ರವನ್ನು ಬಿಗಿಯುವ ಬೋಲ್ಟುಗಳು ಕೂರುವ ವೃತ್ತದ ವ್ಯಾಸಕ್ಕೆ ಪಿ.ಸಿ.ಡಿ. ಎನ್ನುತ್ತಾರೆ, 100 ಮತ್ತು 114.3 ಮಿಲಿಮೀಟರ್ ಸಾಮಾನ್ಯವಾಗಿ ಕಾಣುವ ಅಳತೆಗಳು. ಅದು ಸ್ವಲ್ಪ ತಪ್ಪಿದರೂ ಚಕ್ರ ಕೂರಬಾರದು, ಕೂರಿಸಲೂಬಾರದು. ರಿಮ್ಮಿನ ಅಗಲದ ನಡುಗೆರೆಗೂ ಅದು ಗುಂಬಕ್ಕೆ ಒತ್ತಿ ಕೂರುವ ಮುಖಕ್ಕೂ ಇರುವ ಅಂತರ ಆಫ್‌ಸೆಟ್. ಈ ಅಳತೆ ಕಡಿಮೆಯಾದಷ್ಟೂ ಚಕ್ರ ಹೊರಕ್ಕೆ ಚಾಚುತ್ತದೆ. ತುಂಬಿದ ಕೊಡವನ್ನು ಸೊಂಟದ ಮೇಲೆ ಹೊರುವುದಕ್ಕೂ ಚಾಚಿದ ಕೈಯಲ್ಲಿ ಹೊರುವುದಕ್ಕೂ ಇರುವ ವ್ಯತ್ಯಾಸ ಇಲ್ಲಿಯೂ ಉಂಟು. ಬೇರಿಂಗಿಗೆ ಬೀಳುವ ಹೊರೆ ಹೆಚ್ಚುತ್ತದೆ.

ಮುಂದಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲುವುದು ಕ್ಯಾಂಬರ್. ಮೇಲಿನಿಂದ ನೋಡಿದಾಗ ಎರಡು ಚಕ್ರಗಳು ಪಾದಗಳಂತೆ ಒಳಮುಖವೋ ಹೊರಮುಖವೋ ಆಗುವುದು ಟೋ. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವಂಥ ವಾಲು ಕ್ಯಾಸ್ಟರ್. ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳುವುದು ಮುಖ್ಯವಾಗಿ ಇದರಿಂದ. ಅಗಲದ ರಿಮ್ಮಿಗೆ ಕಿರಿದಾದ ಟೈರನ್ನು ಎಳೆದು ಕೂರಿಸುವುದು ಸ್ಟ್ರೆಚ್. ನೋಡಲು ಅಂದ. ಆದರೆ ಹೊಂಡಕ್ಕೆ ಬಿದ್ದರೆ ಟೈರಿನ ಅಂಚು ರಿಮ್ಮಿನಿಂದ ಕಳಚಿ ಗಾಳಿ ಒಮ್ಮೆಗೇ ಹೋಗುವ ಅಪಾಯ ಇದರಲ್ಲಿದೆ. ಕಬ್ಬಿನ ಟ್ರ್ಯಾಕ್ಟರು ಓಡಾಡುವ ರಸ್ತೆಗಳಲ್ಲಿ ಹೊಂಡಕ್ಕೆ ಬರವಿಲ್ಲ.

ಟೈರಿನ ಜಾತಕ

ದಾರಿಯ ಚಹದಂಗಡಿಯೊಂದರ ಮುಂದೆ ಕಾರು ನಿಂತಿತು. ಮಗ ಇಳಿದು ಟೈರಿನ ಪಕ್ಕೆಯ ಬರಹವನ್ನು ತಂದೆಗೆ ಓದಿ ಹೇಳತೊಡಗಿದ. '145/70 ಆರ್ 12, 69 ಎಸ್. ಇದೇ ಇದರ ಜಾತಕ ಅಪ್ಪ.'

145 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 70 ಎಂದರೆ ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 70 ಪಾಲು. ಆರ್ ಎಂದರೆ ರೇಡಿಯಲ್. ಒಳಗಿನ ನೂಲುಪದರ ಅಂಚಿನಿಂದ ಅಂಚಿಗೆ ಅಡ್ಡಲಾಗಿ ಹಾಯುವ ಬಗೆ. 12 ಎಂದರೆ ರಿಮ್ಮಿನ ವ್ಯಾಸ, ಅಂಗುಲದಲ್ಲಿ. 69 ಭಾರದ ಸಂಕೇತ. ಒಂದು ಟೈರು 325 ಕಿಲೋಗ್ರಾಂ ಹೊರಬಲ್ಲದು. ಎಸ್ ವೇಗದ ಮಿತಿ, ಗಂಟೆಗೆ 180 ಕಿಲೋಮೀಟರ್.

ಈಗ ಮಗನ ಆಸೆಯ ಚಕ್ರದ ಲೆಕ್ಕ. ಈಗಿನ ಟೈರಿನ ಪೂರ್ತಿ ವ್ಯಾಸ 508 ಮಿಲಿಮೀಟರ್. 155/65 ಆರ್ 13 ಹಾಕಿದರೆ ಸುಮಾರು 532. ಹೆಚ್ಚಳ ನೂರಕ್ಕೆ 4.7. ಎಂದರೆ ವೇಗಮಾಪಕ 60 ತೋರಿಸುವಾಗ ಕಾರು 63ರ ಹತ್ತಿರ ಓಡುತ್ತಿರುತ್ತದೆ. ಎಂಜಿನ್ನಿನ ಎಳೆತ ತುಸು ಕುಗ್ಗುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜುವುದೂ ಸಾಧ್ಯ. ಈ ಲೆಕ್ಕವನ್ನು ಚೀಟಿಯ ಹಿಂದೆ ಮಾಡಿದವನು ಮಗನೇ. ಮಾಡಿದ ಮೇಲೆ ಅವನ ಹಟ ಅರ್ಧಕ್ಕೆ ಇಳಿಯಿತು.

ಆದರೆ ಜಾತಕದಲ್ಲಿ ಇನ್ನೊಂದು ಸಾಲಿತ್ತು. ಪಕ್ಕೆಯ ಮೇಲಿನ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ: 3716. ಮೊದಲೆರಡು ವಾರ, ಕೊನೆಯ ಎರಡು ವರ್ಷ. 2016ರ 37ನೆಯ ವಾರ ತಯಾರಾದ ಟೈರು. ಹಿಂದಿನ ಎರಡೂ ಅದೇ ವಯಸ್ಸಿನವು. ಕಾರು ಹೆಚ್ಚು ಓಡದ ಕಾರಣ ಗೆರೆಗಳೇನೋ ಆಳವಾಗಿಯೇ ಇದ್ದವು. ಸವೆತ ತೋರಿಸುವ 1.6 ಮಿಲಿಮೀಟರಿನ ದಿಣ್ಣೆಗಳು ಇನ್ನೂ ಕೆಳಗೆ ಇದ್ದವು. ಆದರೆ ಪಕ್ಕೆಯ ತುಂಬ ಬೇಸಗೆಯ ಕೆರೆಯಂಗಳದಂತೆ ಸಣ್ಣ ಬಿರುಕುಗಳು. ಬಿಸಿಲು ಮತ್ತು ಗಾಳಿಗೆ ರಬ್ಬರು ಗಡುಸಾಗುತ್ತದೆ. ಗಡುಸಾದ ರಬ್ಬರಿಗೆ ಹಿಡಿತ ಕಡಿಮೆ, ಸಿಡಿಯುವ ಭಯ ಹೆಚ್ಚು.

ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಮಗನ ಆಸೆಯ ಚಕ್ರದಲ್ಲಿ ಅಪಾಯ ಹುಡುಕುತ್ತಿದ್ದವರು ಇಷ್ಟು ವರ್ಷ ಹೆಂಡತಿ ಮಕ್ಕಳನ್ನು ಈ ಟೈರುಗಳ ಮೇಲೆ ಕೂರಿಸಿಕೊಂಡು ಓಡಾಡಿದ್ದರು. ಅಪಾಯ ಮೊದಲೇ ಕಾರಿನಲ್ಲಿತ್ತು. ಓದುವ ಅಕ್ಷರ ತಿಳಿದಿರಲಿಲ್ಲ ಅಷ್ಟೆ.

ಹೊಸ ಟೈರು ಎಲ್ಲಿಗೆ?

ತಿ. ನರಸೀಪುರ ತಲುಪಿ ಟೈರಿನ ಅಂಗಡಿಗೆ ಹೋದರು. ಅದೇ ಅಳತೆಯ ಎರಡು ಹೊಸ ಟೈರು ಕೇಳಿದ್ದಾಯಿತು. 'ಹೊಸದನ್ನ ಮುಂದಕ್ಕೆ ಹಾಕ್ತೀನಿ ಸ್ವಾಮಿ, ಮುಂದಿನವನ್ನ ಹಿಂದಕ್ಕೆ ಹಾಕಿದ್ರೆ ಆಯ್ತು. ಎಳೆಯೋದು ಮುಂದಿನವೇ ತಾನೆ?' ಎಂದ ಕೆಲಸದವನು. ಕೇಳಲು ಸರಿಯೆನಿಸುವ ಮಾತು. ಹಲವು ಕಡೆ ಹೀಗೆಯೇ ಮಾಡುತ್ತಾರೆ.

'ಬೇಡ ಅಣ್ಣ, ಹೊಸದು ಹಿಂದೆಯೇ ಇರಲಿ' ಎಂದ ಮಗ. 'ಮಳೇಲಿ ಮುಂದಿನ ಚಕ್ರ ಜಾರಿದ್ರೆ ಕಾಲು ತೆಗೆದ್ರೆ ಹಿಡಿತ ವಾಪಸ್ ಬರುತ್ತೆ. ಹಿಂದಿಂದು ಜಾರಿದ್ರೆ ಕಾರು ಗಿರಕಿ ಹೊಡೆಯುತ್ತೆ. ಅದನ್ನ ಹಿಡಿಯೋಕೆ ಅಪ್ಪನಿಗೂ ಬರಲ್ಲ, ನನಗೂ ಬರಲ್ಲ.'

ಟೈರ್ ತಯಾರಕರು ಹೇಳುವುದೂ ಇದನ್ನೇ. ಎರಡೇ ಬದಲಿಸುವಾಗ, ಎಳೆತ ಯಾವ ಚಕ್ರದ್ದಾದರೂ, ಹೊಸವು ಹಿಂದೆ ಇರಬೇಕು. ಹೊಸ ಟೈರಿನ ಆಳವಾದ ಗೆರೆಗಳು ಮಳೆಯ ನೀರನ್ನು ಹೊರಗಟ್ಟಿ ರಬ್ಬರನ್ನು ನೆಲಕ್ಕೆ ಊರಿಸುತ್ತವೆ. ಹಿಂಚಕ್ರ ಊರಿ ನಿಂತರೆ ಓವರ್‌ಸ್ಟಿಯರ್ ದೂರ. ಡ್ರಿಫ್ಟಿನ ಗೀಳು ಹಿಡಿದ ಹುಡುಗನಿಗೆ ಬಾಲ ಬೀಸುವುದೆಂದರೇನು ಎಂದು ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ತಿಳಿದಿತ್ತು. ಆ ತಿಳಿವಳಿಕೆ ಅಂದು ಸರಿಯಾದ ಜಾಗದಲ್ಲಿ ಕೆಲಸಕ್ಕೆ ಬಂತು.

ತಂದೆತಾಯಿಗಳು ಕಾನೂನಿನ ಮಾತನ್ನೂ ತಿಳಿದಿರಬೇಕು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ ವಾಹನವನ್ನು ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿತು. ಸಾರ್ವಜನಿಕ ರಸ್ತೆಯಲ್ಲಿ ಅಪಾಯಕಾರಿಯಾಗಿ ಓಡಿಸುವುದು, ಪಂದ್ಯ ಕಟ್ಟುವುದು ಅಪರಾಧ. 2019ರ ತಿದ್ದುಪಡಿಯ ಪ್ರಕಾರ ಹದಿನೆಂಟು ತುಂಬದ ಮಕ್ಕಳು ವಾಹನ ಓಡಿಸಿ ಅಪರಾಧ ಎಸಗಿದರೆ ಪೋಷಕರಿಗೆ ಮೂರು ವರ್ಷದವರೆಗೆ ಜೈಲು, 25 ಸಾವಿರ ರೂಪಾಯಿ ದಂಡ. ನಿಜವಾಗಿ ಆಸಕ್ತಿಯಿರುವ ಮಕ್ಕಳಿಗೆ ಮುಚ್ಚಿದ ಅಂಗಳ, ತರಬೇತುದಾರ, ಹೆಲ್ಮೆಟ್ ಇರುವ ದಾರಿಯೊಂದೇ ದಾರಿ.

ಗುಲಗಂಜಿಯ ಊರಿನಲ್ಲಿ

ಟೈರು ಕೂರಿಸಿದ ಮೇಲೆ ಅಂಗಡಿಯವನು ಚಕ್ರವನ್ನು ಬ್ಯಾಲೆನ್ಸಿಂಗ್ ಯಂತ್ರಕ್ಕೆ ಏರಿಸಿದ. ಯಂತ್ರ 20 ಗ್ರಾಂ ಎಂದು ತೋರಿಸಿತು. ಅಷ್ಟೇ ತೂಕದ ತುಂಡನ್ನು ಅವನು ರಿಮ್ಮಿನ ಅಂಚಿಗೆ ಸಿಕ್ಕಿಸಿದ. 'ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ಯಂತ್ರವೆ?' ಎಂದು ತಾಯಿ ನಕ್ಕರು.

ಲೆಕ್ಕ ನೋಡಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಈ ಪುಟ್ಟ ಚಕ್ರ ಸೆಕೆಂಡಿಗೆ ಸುಮಾರು 14 ಸುತ್ತು ತಿರುಗುತ್ತದೆ. ಆಗ ರಿಮ್ಮಿನ ಅಂಚಿನ 20 ಗ್ರಾಂ ಹೊರಕ್ಕೆ ಎಳೆಯುವ ಬಲ ಸುಮಾರು 2.4 ಕಿಲೋಗ್ರಾಂ ಭಾರಕ್ಕೆ ಸಮ. ಒಂದು ಕಡೆ 20 ಗ್ರಾಂ ಹೆಚ್ಚಿದ್ದರೆ ಈ ಎಳೆತ ಸೆಕೆಂಡಿಗೆ 14 ಬಾರಿ ಮೇಲೆ ಕೆಳಗೆ ಜಗ್ಗುತ್ತದೆ. ಸ್ಟೇರಿಂಗ್ ನಡುಗುವುದು, ಬೇರಿಂಗ್ ಸವೆಯುವುದು, ಟೈರು ಅಲ್ಲಲ್ಲಿ ಬೋಳಾಗುವುದು ಇದರಿಂದ.

ಸಣ್ಣ ತೂಕದ ದೊಡ್ಡ ಮಹಿಮೆಯನ್ನು ಈ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾವೇರಿ ಕಪಿಲೆಯರು ಕೂಡುವ ದಡದಲ್ಲಿ ಗುಂಜಾ ನರಸಿಂಹಸ್ವಾಮಿಯ ಗುಡಿಯಿದೆ. ಸ್ವಾಮಿಯ ಕೈಯಲ್ಲಿ ಗುಲಗಂಜಿ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಹಿರಿಯರ ನಂಬಿಕೆ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಈ ಕಾಳು ಹತ್ತರಲ್ಲಿ ಒಂದು ಗ್ರಾಮಿಗಿಂತ ತುಸು ಹೆಚ್ಚು ತೂಗುತ್ತದೆ. ತಕ್ಕಡಿ ವಾಲಲು ಅಷ್ಟು ಸಾಕು.

ಮೂವರೂ ಸಂಗಮದ ಮೆಟ್ಟಿಲಿಳಿದು ಕಾಲು ತೊಳೆದರು. 1989ರಿಂದ ಕುಂಭಮೇಳ ನಡೆಯುತ್ತಿರುವ ಜಾಗ. 2025ರ ಫೆಬ್ರವರಿಯಲ್ಲೂ ಇಲ್ಲಿ ಜನಸಾಗರ ಸೇರಿತ್ತು. ಆ ಸಂಜೆ ಮಾತ್ರ ದಡ ಖಾಲಿ. ಎರಡು ನದಿಗಳು ಸದ್ದಿಲ್ಲದೆ ಕೂಡಿ ಒಂದಾಗಿ ತಲಕಾಡಿನ ಕಡೆಗೆ ಹರಿಯುತ್ತಿದ್ದವು.

ಮೈಸೂರಿಗೆ ಹೊರಡುವ ಮುನ್ನ ತಂದೆ ತಾವಾಗಿ ಬಗ್ಗಿ ನಾಲ್ಕೂ ಟೈರುಗಳ ಪಕ್ಕೆಯನ್ನು ಕೈಯಿಂದ ಸವರಿ ನೋಡಿದರು. ಆಮೇಲೆ ಡಿಕ್ಕಿ ತೆಗೆದು, 'ಸ್ಟೆಪ್ನಿದು ಯಾವ ವರ್ಷದ್ದು ನೋಡಪ್ಪ' ಎಂದರು.